ರವದಿಯ ಹೊಗೆಯಲ್ಲಿ ನೀಹಾರಿಕೆ

ಸಾವಳಗಿಯ ಪ್ರತಿಮಾಳನ್ನು ಕೆಣಕಬಾರದು. ಜಮಖಂಡಿ ಡಿಪೋದಲ್ಲಿ ಹದಿನೆಂಟು ವರ್ಷದಿಂದ ಕಂಡಕ್ಟರ್ ಅವಳು. ಟಿಕೆಟ್ ತಪ್ಪಿಸಲು ನಿದ್ದೆಯ ನಾಟಕ ಹೂಡಿದ ಎಂಥೆಂಥ ಭೂಪರನ್ನೋ ಎಬ್ಬಿಸಿ ನಿಲ್ಲಿಸಿದವಳು. ಅಂಥವಳನ್ನು ಮುಧೋಳದ ಚಿದಾನಂದ ಮಾಸ್ತರರು ಕಳ್ಳಿ ಎಂದುಬಿಟ್ಟರು. ಆ ಶಬ್ದ ಬಳಸಲಿಲ್ಲ, ನಿಜ. ಆದರೆ ಅಂದದ್ದು ಅದನ್ನೇ.

ಆದದ್ದು ಇಷ್ಟು. ಪ್ರತಿಮಾಳದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿದು ಪಾತ್ರೆ ಬೋರಲು ಬೀಳುತ್ತವೆ. ಊರೆಲ್ಲ ರೊಟ್ಟಿ ಬಡಿಯುವ ಹೊತ್ತಿಗೆ ಅವಳು ಹಿತ್ತಲಿನಲ್ಲಿ ಕ್ಯಾಮೆರಾ ಹೂಡಿ ಕೂತಿರುತ್ತಾಳೆ. ಜಮಖಂಡಿಯ ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತೆಗೆದು ತೆಗೆದು ಸವೆದ ಕ್ಯಾಮೆರಾ ಅದು. ಅದನ್ನು ಕೂರಿಸಲು ಊರ ಬಡಿಗ ಮಾಳು ಎರಡು ಹಲಗೆಗೆ ಬಿಜಾಗರಿ ಜಡಿದು, ನಡುವೆ ಒಂದು ತಿರುಪು ಇಟ್ಟುಕೊಟ್ಟಿದ್ದ. ಭೂಮಿ ತಿರುಗಿದಷ್ಟೇ ನಿಧಾನಕ್ಕೆ ಆ ತಿರುಪನ್ನು ಕೈಯಿಂದ ತಿರುಗಿಸುತ್ತಿದ್ದರೆ ಚುಕ್ಕಿ ಗೆರೆಯಾಗದೆ ಚುಕ್ಕಿಯಾಗಿಯೇ ಉಳಿಯುತ್ತದೆ.

ಅಕ್ಟೋಬರಿನಲ್ಲಿ ಮೂರು ದಿನ ಹೊಡೆದ ಮಳೆ ಗಾಳಿಯಲ್ಲಿದ್ದ ಧೂಳನ್ನೆಲ್ಲ ತೊಳೆದು ಹಾಕಿತ್ತು. ಮಳೆ ನಿಂತ ಮರುದಿನ ಬೆಳಗಿನ ಜಾವ, ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿಯ ಕೆಳಗಿರುವ ನೀಹಾರಿಕೆಯನ್ನು ಅವಳು ಹಿಡಿದಳು. ಎಷ್ಟೋ ದೂರದಲ್ಲಿ ಹೊಳೆಯುವ ಗುಲಾಬಿ ಬಣ್ಣದ ಮೋಡ! ಅದನ್ನು ಮುಧೋಳದ ಖಗೋಳಾಸಕ್ತರ ಪ್ರದರ್ಶನಕ್ಕೆ ಕಳಿಸಿದಳು. ಚಿತ್ರ ವಾಪಸು ಬಂತು, ಜೊತೆಗೊಂದು ಚೀಟಿ. ಕಬ್ಬಿನ ಸೀಮೆಯ ಹೊಗೆ, ನೀರಾವರಿಯ ತೇವ, ಇಂಥ ಗಾಳಿಯಲ್ಲಿ ನೀಹಾರಿಕೆ ಬರುವುದೇ ಅಸಾಧ್ಯ, ದಯವಿಟ್ಟು ಇಂಟರ್‌ನೆಟ್ಟಿನ ಚಿತ್ರ ಕಳಿಸಬೇಡಿ ಎಂದು, ಪ್ರದರ್ಶನಕ್ಕೆ ಚಿತ್ರ ಆರಿಸುವ ಚಿದಾನಂದ ಮಾಸ್ತರರ ಕೈಬರಹ. ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಮಾತಿಗೆ ಎದುರು ಯಾರು ಆಡುತ್ತಾರೆ?

ಪ್ರತಿಮಾ ಆಡಿದಳು. ಆವತ್ತೇ ಫೋನು ಹಚ್ಚಿದಳು.

"ನೀವ ಬರ್ರಿ ಸರ್. ನಿಮ್ಮ ಎದುರಿಗೇ ತಗೀತೀನಿ. ಬರಲಿಲ್ಲಂದ್ರ ನಾ ಕಳ್ಳಿ ಅಂತನ ಉಳೀತೈತಿ."

ದಿನವನ್ನೂ ಅವಳೇ ಗೊತ್ತು ಮಾಡಿದಳು: ಎಳ್ಳ ಅಮಾವಾಸ್ಯೆ. ಆ ದಿನ ಚಂದ್ರನ ಕಾಟವಿಲ್ಲ. ಮೇಲಾಗಿ ಊರಿಗೆ ಊರೇ ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಉಂಡು ಬರುವ ಹಬ್ಬ. ಪೂಜೆ ಮಾಡಿದ ನೆಲಕ್ಕೆ ಅವತ್ತು ಯಾರೂ ಬೆಂಕಿ ಇಡುವುದಿಲ್ಲ. ಕಬ್ಬು ಕಡಿದ ಮೇಲೆ ಉಳಿಯುವ ರವದಿ, ಆ ಒಣಗರಿ, ಅವತ್ತೊಂದು ದಿನ ಸುಡದೆ ಬಿದ್ದಿರುತ್ತದೆ. ಲೆಕ್ಕ ಪಕ್ಕಾ ಎಂದು ಬೀಗಿದಳು.

ಎಡವಿದ್ದು ಅಲ್ಲೇ. ಹಬ್ಬದ ದಿನ ಸುಡುವಂತಿಲ್ಲ ಎಂದು ಎಲ್ಲರೂ ಹಿಂದಿನ ದಿನವೇ ಸುಟ್ಟು ಕೈ ತೊಳೆದುಕೊಂಡಿದ್ದರು! ಚಳಿಗೆ ಕೆಳಗಿನ ಗಾಳಿ ತಣ್ಣಗಾಗಿ ನೆಲಕ್ಕೆ ಅಂಟಿತ್ತು, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂತಿತ್ತು. ಎಲ್ಲ ಹೊಲಗಳ ಹೊಗೆಯೂ ಮೇಲೇರಲಾಗದೆ ಊರ ಮೇಲೇ ಬಿದ್ದುಕೊಂಡಿತ್ತು. ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಪ್ರತಿಮಾ ಹಲ್ಲು ಕಡಿದಳು.

ಮಾಸ್ತರರು ಏಳೂವರೆಗೆ ಮಫ್ಲರು ಸುತ್ತಿಕೊಂಡು ಬಂದರು. ಮೂಡಣದಲ್ಲಿ ಮಹಾವ್ಯಾಧ ಕೆಸರುನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದ. ಮಾಸ್ತರರು ನಕ್ಕರು. ಹೊಗೆ ಐತಿ, ಇನ್ನೊಂದು ದಿನ ಬರ್ರಿ ಎನ್ನುವ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ಹಾಗೆ ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುತ್ತಾರೆ. ನುಂಗಿಕೊಂಡಳು. ದಿಗಂತದ ಅಂಚಿನಲ್ಲಿ ನೋಡಿದರೆ ದಪ್ಪ ಗಾಳಿಯೊಳಗಿಂದ ನೋಡಬೇಕು, ಮಹಾವ್ಯಾಧ ಮೇಲೇರಲಿ, ಹತ್ತೂವರೆವರೆಗೆ ಕೂತಿರಿ ಎಂದಳು. ಮಾಸ್ತರರಿಗೆ ಹಸಿವು. ಆ ಮನೆಯಲ್ಲಿ ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಅನ್ನವ್ವ ಹಗಲಿನ ಶೇಂಗಾ ಹೋಳಿಗೆ ಎರಡು ಕೊಟ್ಟು, ಇಷ್ಟರ ಮೇಲೆ ಏನೂ ಕೇಳಬೇಡಿ ಎಂದು ಮಲಗಿಬಿಟ್ಟಳು.

ಹತ್ತಕ್ಕೆ ಇಬ್ಬನಿ ಇಳಿಯಿತು. ಸುತ್ತ ನೀರುಂಡ ಕಬ್ಬು. ಲೆನ್ಸು ಮಂಜುಗಟ್ಟದೆ ಬಿಟ್ಟೀತೇ? ಅನ್ನವ್ವನ ಮೊಣಕಾಲಿಗೆ ಶಾಖ ಕೊಡುವ ಉಪ್ಪಿನ ಗಂಟನ್ನು ಬಿಸಿ ಮಾಡಿ ಪ್ರತಿಮಾ ಲೆನ್ಸಿನ ಸುತ್ತ ಕಟ್ಟಿದಳು. ಗಾಜು ತಿಳಿಯಾಯಿತು. ಹೊಗೆಯನ್ನು ಹಿಡಿದಿಟ್ಟ ಆ ನಿಂತ ಗಾಳಿ ಒಂದು ಉಪಕಾರವನ್ನೂ ಮಾಡಿತ್ತು: ಚುಕ್ಕಿಗಳು ಮಿನುಗದೆ, ನಡುಗದೆ ನಿಂತಿದ್ದವು. ಅವಳಿಗೆ ಧೈರ್ಯ ಬಂತು. ಅರ್ಧರ್ಧ ನಿಮಿಷದ ನಲವತ್ತು ಚಿತ್ರ ತೆಗೆಯಬೇಕು. ಹನ್ನೆರಡನೆಯದಕ್ಕೆ ಹೊಗೆ ಗಂಟಲಿಗಿಳಿದು ಕೆಮ್ಮು ಬಂತು, ಕೈ ಅಲುಗಿತು, ಆ ಚಿತ್ರ ಕೆಟ್ಟಿತು. ಮತ್ತೆ ತೆಗೆದಳು. ಬೆರಳು ಸೆಟೆದು ಕೊರಡಾದವು. ಮಾಸ್ತರರು ತಾವು ತಿರುಪು ಹಿಡಿಯಲೇ ಎಂದು ಕೇಳಿದರೂ ಬಿಟ್ಟುಕೊಡಲಿಲ್ಲ.

ಮಂಕು ಬೆಳಕೆಲ್ಲ ಕೂಡಿ ಎದ್ದು ಕಾಣುವಂತೆ ನಲವತ್ತನ್ನೂ ಲ್ಯಾಪ್‌ಟಾಪಿನಲ್ಲಿ ಅವರ ಕಣ್ಣೆದುರೇ ಒಂದರ ಮೇಲೊಂದು ಪೇರಿಸಿದಳು. ಆಕಾಶವೆಲ್ಲ ಕಂದು ಬಣ್ಣ, ಅಂಚು ಕಲಸುಮೇಲೋಗರ. ನಡುಪಟ್ಟಿಯ ಕೆಳಗೆ ಮಾತ್ರ ತೆಳ್ಳಗೆ, ಮಂಕಾಗಿ, ಆದರೂ ಅನುಮಾನಕ್ಕೆ ಎಡೆಯಿಲ್ಲದಂತೆ ಗುಲಾಬಿ ಮೋಡ ಹರಡಿತ್ತು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಸಾಧ್ಯ ಎಂದು ಬರೆದ ಕೈ ಅವರದೇ.

"ತಪ್ಪಾತವಾ," ಎಂದರು. "ನಿನ್ನ ಅಕ್ಟೋಬರಿನ ಚಿತ್ರಾನ ಹಾಕ್ತೀವಿ. ಅದು ಭಾಳ ಛಲೋ ಐತಿ. ಇದು ಬ್ಯಾಡ, ಹೊಲಸಾಗೈತಿ."

ಪ್ರತಿಮಾ ಸೆಟೆದ ಬೆರಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಇದನ್ನ ಹಾಕ್ರಿ ಸರ್, ಕೆಳಗ ಸಾವಳಗಿ ಅಂತ ದೊಡ್ಡದಾಗಿ ಬರೀರಿ. ಅದನ್ನ ಮಳಿ ತೊಳದು ಕೊಟ್ಟಿತ್ತು. ಇದನ್ನ ನಾ ಹೊಗಿಯಾಗಿಂದ ಕಿತ್ತು ತಗದೀನಿ."