ಹಗೇವಿನ ಬಾಯಿ ತೆಗೆದ ದಿನ

ಹುತ್ರಿದುರ್ಗದ ಬುಡದ ಆ ಹಳ್ಳಿಯಲ್ಲಿ ಒಂದು ಮನೆಯ ಅಂಗಳವನ್ನು ದನಗಳೂ ಬಳಸಿಕೊಂಡೇ ಹೋಗುತ್ತಿದ್ದವು. ಅಂಗಳದ ನಡುವೆ ಒಂದು ಚಪ್ಪಡಿ ಕಲ್ಲು. ಸುತ್ತ ಸಗಣಿ ಸಾರಿಸಿ ರಂಗೋಲಿ ಬಿಟ್ಟಿರುತ್ತಿದ್ದರು, ಕಲ್ಲಿನ ಮೇಲೆ ಮಾತ್ರ ಯಾರೂ ಕಾಲಿಡುತ್ತಿರಲಿಲ್ಲ. ಮೊದಲ ಸಲ ಹೋದಾಗ ತಿಳಿಯದೆ ನಾನು ನನ್ನ ಲೂನಾವನ್ನು ಅದರ ಮೇಲೆಯೇ ನಿಲ್ಲಿಸಿದ್ದೆ. ಮನೆಯಾಕೆ ಒಳಗಿಂದ ಓಡಿಬಂದಳು. "ತೆಗಿ ಬೂಬಮ್ಮ, ತೆಗಿ! ಅದ್ರೊಳ್ಗೆ ನಮ್ ಯಜಮಾನ್ರು ಅವ್ರೆ!" ನಾನು ಲೂನಾವನ್ನು ದಬ್ಬಿಕೊಂಡು ಪಕ್ಕಕ್ಕೆ ಸರಿದೆ.

ಸಾಬರ ಮನೆಯ ಹೆಣ್ಣುಮಗಳೆಂದು ಊರೆಲ್ಲ ನನ್ನನ್ನು ಬೂಬಮ್ಮ ಎಂದೇ ಕರೆಯುತ್ತಿತ್ತು. ಆ ಮನೆಯಾಕೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ತುಮಕೂರಿನ ಮಂಡಿಯಲ್ಲಿ ಅಬ್ಬಾಗೆ ಗೋಣಿಚೀಲದ ಅಂಗಡಿ, ನನಗೆ ಕುಣಿಗಲ್ಲಿನಲ್ಲಿ ಬಾಡಿಗೆ ರೂಮು, ಒಂದು ಸಂಸ್ಥೆಯಲ್ಲಿ ಕೆಲಸ. ಊರೂರಲ್ಲಿ ರಾಗಿ ಬ್ಯಾಂಕು ಕಟ್ಟಿಸುವುದು ನನ್ನ ಪಾಲಿಗೆ ಬಂದಿತ್ತು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಒಂದಿಷ್ಟು ರಾಗಿ ತಂದು ಹಾಕಬೇಕು, ಆಷಾಢದಲ್ಲಿ ಇಲ್ಲದವರು ಒಯ್ಯಬೇಕು, ಮುಂದಿನ ಸುಗ್ಗಿಗೆ ಮತ್ತೆ ತುಂಬಬೇಕು. ನಾನೋ ಬಾಯಿಬಡುಕಿ, ಮೇಲೆ ಮೂಗಿನ ತುದಿಯಲ್ಲೇ ಕೋಪ. ಆ ಕೆಲಸ ನನಗೆ ಹೇಳಿಮಾಡಿಸಿದಂತಿತ್ತು.

ಆ ವರ್ಷ ಕೊಯ್ಲಿನ ಹೊತ್ತಿಗೆ ಹಿಡಿದ ಜಡಿಮಳೆ ಬಿಡಲೇ ಇಲ್ಲ. ಕೊಯ್ದ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು. ಬ್ಯಾಂಕಿಗೆ ಹಾಕುವುದಿರಲಿ, ಮನೆಯ ಮುದ್ದೆಗೇ ಯಾರಲ್ಲೂ ಸಾಲದು. ದೊಡ್ಡವ್ವನ ಜಗಲಿಯ ಮೇಲೆ ಬ್ಯಾಂಕು ನಡೆಸುವ ಸಂಘದ ಹೆಂಗಸರೆಲ್ಲ ತಲೆ ತಗ್ಗಿಸಿ ಕೂತಿದ್ದರು. ನನಗೆ ರೇಗಿತು. "ಹಿಂಗೆ ಬಾಯಿಗೆ ಬೀಗ ಹಾಕ್ಕೊಂಡ್ ಕೂತ್ರೆ ಹೊಟ್ಟೆ ತುಂಬುತ್ತಾ? ಏನಾದ್ರೂ ಹೇಳ್ರಮ್ಮ!"

"ನಮ್ ಹಗೇವ್ನಲ್ಲಿ ಅದೆ," ಎಂದಳು ದೊಡ್ಡವ್ವ. ಯಾರೂ ತಲೆ ಎತ್ತಲಿಲ್ಲ.

ಹಗೇವು ಅಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಆಳು ಇಳಿಯುವಷ್ಟು ಬಾಯಿ, ಒಳಗೆ ಗುಡಾಣದಂತೆ ಅಗಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಆದರೆ ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಕಲ್ಲು ಸರಿಸಿ, ಅದು ಹೋಗುವ ತನಕ ಕಾದು ಇಳಿಯಬೇಕು. ದೊಡ್ಡವ್ವನ ಗಂಡ ಕಾಯಲಿಲ್ಲ. ಅವತ್ತು ಹೇಳದೆ ಕೇಳದೆ ನೆಂಟರು ಬಂದಿದ್ದರು, ಮನೆಯಲ್ಲಿ ಹಿಟ್ಟಿರಲಿಲ್ಲ. ಬಂದವರನ್ನು ಹಸಿದು ಕೂರಿಸುವುದು ಮಾನಗೇಡು ಎಂದು ಕಲ್ಲು ತೆಗೆದವನೇ ಇಳಿದುಬಿಟ್ಟ. ಹಗ್ಗಕ್ಕೆ ಕೊಕ್ಕೆ ಕಟ್ಟಿ ಹೆಣವನ್ನು ಮೇಲಕ್ಕೆಳೆದರು. ಅಂದೇ ಮುಚ್ಚಿದ ಕಲ್ಲನ್ನು ಮತ್ತೆ ಯಾರೂ ಮುಟ್ಟಿರಲಿಲ್ಲ. ಆಗ ತೊಟ್ಟಿಲಲ್ಲಿದ್ದ ಮಗ ಈಗ ಮೀಸೆ ಹೊತ್ತ ಗಂಡಸು.

ಕಲ್ಲಿಗೆ ಕಿವಿಯಿಟ್ಟರೆ ಉಸಿರಾಡುವ ಸದ್ದು ಕೇಳುತ್ತದೆ ಎನ್ನುತ್ತಿದ್ದರು. "ಥೂ, ನಿಮ್ಮ ಮೂಢನಂಬಿಕೆಗಿಷ್ಟು!" ಎಂದು ಬೈದು, ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಬಗ್ಗಿ ಕಿವಿಯಿಟ್ಟೆ. ಕೇಳಿಸಿತು. ನನ್ನ ಕಿವಿಯದೇ ಸದ್ದಿರಬೇಕು ಎಂದುಕೊಂಡು ಎದ್ದು ಬಂದೆ. ಆಮೇಲೆ ಲೂನಾವನ್ನು ಬೀದಿಯಲ್ಲೇ ನಿಲ್ಲಿಸತೊಡಗಿದೆ.

ಕೊನೆಗೆ ಹಗೇವು ತೆಗೆದದ್ದು ಬೇಸಿಗೆಯ ಉರಿಬಿಸಿಲಿನಲ್ಲಿ. ಗಂಡಸರು ಹಾರೆಯಿಂದ ಕಲ್ಲು ಮೀಟಿದರು. ಹುಳಿ ಬಂದ ಹಿಟ್ಟಿನಂಥ ವಾಸನೆ ಅಂಗಳವನ್ನೆಲ್ಲ ತುಂಬಿತು. ಹೆಂಗಸರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತಿದ್ದೆವು. ಬಹಳ ಹೊತ್ತು ಬಿಟ್ಟು ಲಾಟೀನು ಇಳಿಸಿದರು. ಯಾರೋ ಊದಿದ ಹಾಗೆ ಆರಿತು. ಬೇವಿನ ಸೊಪ್ಪಿನ ಕಂತೆ ಇಳಿಬಿಟ್ಟು ಬೀಸಿ ಮತ್ತೆ ಇಳಿಸಿದರು, ಮತ್ತೆ ಆರಿತು. ದೊಡ್ಡವ್ವ ಗುಂಡಿಯ ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಸಾಕು ಬುಡಿ ಇನ್ನ," ಎಂದಳು ಒಳಗೆ ನೋಡುತ್ತಾ. "ಹಿಡ್ಕಂಡು ಕೂತಿದ್ದು ಸಾಕು. ಮಕ್ಳು ಮರಿ ಉಣ್ಬೇಕು."

ಆಮೇಲೆ ಇಳಿಸಿದ ಲಾಟೀನು ಆರಲಿಲ್ಲ.

ಮಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅವನ ಅಂಗಿಯ ತುದಿ ದೊಡ್ಡವ್ವನ ಮುಷ್ಟಿಯಲ್ಲಿತ್ತು. "ನೀನ್ ಬ್ಯಾಡ ಕಣ್ಲಾ ಮಗ. ಒಬ್ರನ್ನ ಕೊಟ್ಟಿವ್ನಿ ಅದ್ಕೆ. ನಂಗಿರೋದು ನೀನೊಬ್ನೇ."

"ಬ್ಯಾರೆಯೋರ್ ಮಕ್ಳನ್ನ ಇಳ್ಸಕ್ಕಾಯ್ತದಾ ಅವ್ವ? ಹಗೇವು ನಮ್ದು."

ಅವಳು ಮುಷ್ಟಿ ಬಿಟ್ಟಳು.

ಇಳಿಯುತ್ತಾ ಅವನು ಮಾತಾಡುತ್ತಲೇ ಇದ್ದ. ಕಾಲಿಗೆ ರಾಗಿ ಸಿಕ್ಕಿತು ಎಂದ. ಆಮೇಲೆ ಮಾತು ನಿಂತಿತು. ಹಗ್ಗ ಸಡಿಲವಾಯಿತು. ಕೂಗಿದರೆ ಉತ್ತರವಿಲ್ಲ. ನಾನು ಜಗಲಿಯಿಂದಲೇ ಕಿರುಚಿದೆ: "ಎಳೀರೋ! ಏನ್ ನೋಡ್ತಾ ನಿಂತಿದೀರ?" ಹಗ್ಗ ಹಿಡಿದವನು ಬಗ್ಗಿ ನೋಡಿದ. "ದೀಪ ಉರೀತಾನೇ ಅದೆ ಬೂಬಮ್ಮ. ನಿಂತವ್ನೆ. ಮಾತಾಡ್ತಿಲ್ಲ." ದೊಡ್ಡವ್ವ ಗುಂಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇವಳನ್ನು ಇದಕ್ಕೆ ಹಚ್ಚಿದವಳು ನಾನೇ ಅಲ್ಲವೇ ಎನ್ನಿಸಿತು.

ಕೊನೆಗೆ ಒಳಗಿಂದ ದನಿ ಬಂತು. "ಅವ್ವಾ... ಅಪ್ಪ ಬಿದ್ದಿದ್ ಜಾಗ ಹಂಗೇ ಅದೆ."

ಮೇಲ್ಪದರದ ರಾಗಿ ಹೆಪ್ಪುಗಟ್ಟಿ, ಅವತ್ತು ಅಪ್ಪ ಬಿದ್ದ ಆಕಾರ ಹಾಗೆಯೇ ನಿಂತುಬಿಟ್ಟಿತ್ತು. ತಲೆ, ಹೆಗಲು, ಮುಂದಕ್ಕೆ ಚಾಚಿದ ಒಂದು ಕೈ. ಆ ಮನೆಯಲ್ಲಿ ಅಪ್ಪನ ಒಂದು ಫೋಟೋ ಕೂಡ ಇರಲಿಲ್ಲ.

"ಅಪ್ಪ ನನ್ಗಿಂತ ಉದ್ದ ಇದ್ರು ಕಣವ್ವ," ಎಂದ ಮಗ.

"ಅಯ್ಯೋ ಶಿವನೇ, ಮುಚ್ಬುಡಿ, ಬ್ಯಾಡ," ಎಂದು ನನ್ನ ಪಕ್ಕದವಳು ಅಳತೊಡಗಿದಳು. ದೊಡ್ಡವ್ವ ಮಾತ್ರ ಇನ್ನಷ್ಟು ಬಗ್ಗಿದಳು. "ಆ ಜಾಗದಿಂದ್ಲೇ ಮೊಗಿ ಮಗ. ಅವ್ರು ಇಳ್ದಿದ್ದು ಅದ್ಕೇಯ."

ಆ ರಾಗಿಯಿಂದಲೇ ನಮ್ಮ ಬ್ಯಾಂಕು ಉಳಿಯಿತು. ಮುಂದೆ ಪ್ರತಿ ಸುಗ್ಗಿಗೂ ಊರವರು ಅದೇ ಹಗೇವಿಗೆ ರಾಗಿ ತುಂಬಿದರು. ಅದೆಲ್ಲ ಆಮೇಲಿನ ಮಾತು. ಅವತ್ತು ಮೊದಲ ಕುಕ್ಕೆ ಮೇಲೆ ಬಂದಾಗ ದೊಡ್ಡವ್ವ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಎರಡು ಕೈಯನ್ನೂ ರಾಗಿಯೊಳಗೆ ಇಳಿಸಿದಳು. ತಡವಾಗಿ ಮನೆಗೆ ಬಂದ ಗಂಡನನ್ನು ಯಾವುದೇ ಹೆಂಡತಿ ಗದರುವ ಹಾಗೆ ಗದರಿದಳು.

"ಎಷ್ಟೊತ್ತು ಮಾಡ್ಬುಟ್ರಿ? ನೆಂಟ್ರು ಆಗ್ಲಿಂದ ಕಾಯ್ತಾ ಕೂತವ್ರೆ."

ಜಗಲಿಯ ಮೇಲೆ ಕೂತಿದ್ದವರು ನಾವೇ.