ಕಾಡಿನಲ್ಲಿ ಬಿಟ್ಟು ಬಂದವರು

ಇಂಥ ಕಥೆಯನ್ನು ಯಾರಾದರೂ ಹೇಳಲು ಶುರುಮಾಡಿದರೆ ಅರ್ಧದಲ್ಲೇ ಬಾಯಿ ಮುಚ್ಚಿಸುತ್ತಿದ್ದವಳು ನಾನು. ದಾವಣಗೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಗಾಜಿನ ಪಟ್ಟಿಯ ಮೇಲೆ ಕಂಡರೆ ಇದೆ, ಕಾಣದಿದ್ದರೆ ಇಲ್ಲ. ನನ್ನ ಲೆಕ್ಕ ಅಷ್ಟೇ. ದೆವ್ವ, ಪಿಶಾಚಿ ಎಂದರೆ ಈಗಲೂ ನನಗೆ ನಗು ಬರುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ಮುಂಡಾಜೆಯ ಹತ್ತಿರದ ಕಾಡಿನಲ್ಲಿ ನಮಗಾದದ್ದು ಅವೆರಡೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮಗಳು ಮೇಘಾ ಆಗ ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಿದ್ದಳು. ದೀಪಾವಳಿಯ ನಂತರ ಸ್ವಲ್ಪ ರಜೆ ಸಿಕ್ಕಿತು. "ಊರಿಗೆ ಬಂದು ಹೋಗೋದ್ರಲ್ಲೇ ರಜೆ ಮುಗಿಯುತ್ತೆ, ನೀವೇ ಬನ್ನಿ, ಕಾಡು ನೋಡೋಣ" ಎಂದಳು. ನಾನೂ ನನ್ನ ಗಂಡನೂ ಕಾರಿನಲ್ಲಿ ಹೋಗಿ ಹಾಸ್ಟೆಲಿನಿಂದ ಅವಳನ್ನು ಕರೆದುಕೊಂಡು, ಬೆಳ್ತಂಗಡಿ ದಾಟಿ, ಮುಂಡಾಜೆಯ ಆಚೆ ಒಂದು ಹೋಮ್‌ಸ್ಟೇಯಲ್ಲಿ ಇಳಿದುಕೊಂಡೆವು. ಕಾಡು ತೋರಿಸಲು ಅಲ್ಲಿಯವರು ಲೀಲಕ್ಕನನ್ನು ಗೊತ್ತುಮಾಡಿದ್ದರು. ಲೀಲಕ್ಕ ಅಲ್ಲಿಯ ಮಲೆಕುಡಿಯ ಬುಡಕಟ್ಟಿನವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬೆಳಿಗ್ಗೆ ಕಾಡು ಸುತ್ತುವುದು, ಮಧ್ಯಾಹ್ನ ಕಾಡಿನಂಚಿನ ಅವರ ಮನೆಯಲ್ಲಿ ಊಟ, ಆಮೇಲೆ ಅವರ ಗಂಡ ಬುಟ್ಟಿ ಹೆಣೆಯುವುದನ್ನು ನೋಡುವುದು ಎಂದು ಮಾತಾಗಿತ್ತು.

ಆ ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು ಎಂದು ಹೇಳಲೇಬೇಕು. ಮಂಗಟ್ಟೆ ಹಕ್ಕಿಯೊಂದು ತಲೆಯ ಮೇಲೆ ಹಾರಿಹೋದಾಗ ಅದರ ರೆಕ್ಕೆಯ ಸದ್ದಿಗೆ ನನ್ನ ಗಂಡ ಬೆಚ್ಚಿ ಕುಳಿತುಬಿಟ್ಟರು. ಲೀಲಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಘಾಳ ಕಾಲಿಗೆ ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿತು. ಲೀಲಕ್ಕನೇ ಸುಣ್ಣ ಹಚ್ಚಿ ಬಿಡಿಸಿದರು. ಮರದ ತುದಿಯಲ್ಲಿ ಸಿಂಗಳೀಕಗಳು ಕಂಡವು. ಒಂದು ಹಳ್ಳ ದಾಟುವಾಗ ಕಲ್ಲು ಜಾರುತ್ತಿತ್ತು. ನಾನು ದಾಟಿ, ತಿರುಗಿ ನೋಡದೆ ಕೈ ಹಿಂದೆ ಚಾಚಿದೆ. ಪುಟ್ಟದೊಂದು ಕೈ ನನ್ನ ಎರಡು ಬೆರಳನ್ನು ಹಿಡಿದುಕೊಂಡಿತು. ಎಳೆದುಕೊಂಡೆ, ಬಿಟ್ಟೆ, ಮುಂದೆ ನಡೆದೆ. ಮೇಘಾ ಆಗಲೇ ಲೀಲಕ್ಕನ ಜೊತೆ ಬಹಳ ಮುಂದೆ ಇದ್ದಳು. ನನ್ನ ಗಂಡ ಅವರ ಹಿಂದೆಯೇ ಹೋಗುತ್ತಿದ್ದರು. ಅದು ವಿಚಿತ್ರ ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಭಯವಾಗಿದ್ದರೆ ಅದು ಬೇರೆ ಮಾತು. ಮನೆಯವರ ಕೈ ಹಿಡಿದಷ್ಟೇ ಸಹಜವಾಗಿತ್ತು.

ಲೀಲಕ್ಕನ ಮನೆ ತಲುಪಿದಾಗ ಹಸಿವೋ ಹಸಿವು. ಜಗಲಿಯಲ್ಲಿ ಅವರು ನಾಲ್ಕು ಬಾಳೆಲೆ ಹಾಕಿ ಕುಚ್ಚಲಕ್ಕಿ ಅನ್ನ, ಉಪ್ಪುನೀರಿನಲ್ಲಿಟ್ಟ ಎಳೆಬಿದಿರಿನ ಕಣಿಲೆಯ ಪಲ್ಯ ಬಡಿಸಿದರು. ನಾವು ಮೂವರು ಕುಳಿತೆವು. ಯಾರೂ ಊಟಕ್ಕೆ ಕೈ ಹಾಕಲಿಲ್ಲ.

"ಉಣ್ಣಿ, ಆರ್ತದೆ" ಎಂದರು ಲೀಲಕ್ಕ.

"ತಾಳಿ, ಬರಲಿ" ಎಂದರು ನನ್ನ ಗಂಡ.

"ಕೈ ತೊಳೀಲಿಕ್ಕೆ ಹೋದದ್ದಾ ಅವರು? ಕರೀರಿ ಒಮ್ಮೆ."

ನಾನು ಎದ್ದು ಅಂಗಳಕ್ಕೆ ಹೋದೆ. ಕಾಡಿನ ಕಡೆ ತಿರುಗಿ, ಕರೆಯಲು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತ ಹೆಸರು ನಾಲಿಗೆಯ ತುದಿಯಲ್ಲಿ ಇರುತ್ತದಲ್ಲ, ಹಾಗಲ್ಲ. ಅಲ್ಲಿ ಏನೂ ಇರಲಿಲ್ಲ. ಬಾಯಿ ತೆರೆದುಕೊಂಡೇ ಹಿಂದಕ್ಕೆ ತಿರುಗಿದೆ. ಮೇಘಾಳ ಮುಖ ಬಿಳಚಿಕೊಂಡಿತ್ತು.

"ಅಮ್ಮ, ನಾವಿರೋದೇ ಮೂರು ಜನ ಅಲ್ವಾ?"

ಲೀಲಕ್ಕನ ಕೈಯಲ್ಲಿ ಸಾರಿನ ಸೌಟು ಹಾಗೆಯೇ ನಿಂತಿತು. "ಎಂತ ಹೇಳ್ತೀರಿ? ಬೆಳಿಗ್ಗೆ ನಾಲ್ಕು ಜನ ಬಂದದ್ದಲ್ವಾ ನೀವು?" ಎಂದರು. ಹೇಳಿದ ಮೇಲೆ ತಾವೇ ಗೋಡೆ ಹಿಡಿದು ಕುಳಿತುಕೊಂಡರು.

ನೀವು ಈಗ ಕೇಳುವ ಪ್ರಶ್ನೆಗಳನ್ನೆಲ್ಲ ನಾನು ಆಗಲೇ ಕೇಳಿಕೊಂಡೆ. ನಮಗೆ ಮೇಘಾ ಒಬ್ಬಳೇ. ಹೋದ ಮಗು, ಇಳಿದ ಬಸಿರು ಯಾವುದೂ ಇಲ್ಲ. ಮೊಬೈಲಿನ ಫೋಟೊ ನೋಡಿದೆವು, ನಾವು ಮೂವರು ಮತ್ತು ಲೀಲಕ್ಕ, ಅಷ್ಟೇ. ಹೋಮ್‌ಸ್ಟೇಗೆ ಫೋನ್ ಮಾಡಿದರೆ "ಮೂರೇ ಜನ ಅಲ್ವಾ ಮೇಡಂ?" ಎಂದರು. ಬುದ್ಧಿಗೆ ಎಲ್ಲವೂ ಒಪ್ಪಿಗೆಯಾಯಿತು. ಆದರೆ ಎದೆಯೊಳಗೆ, ಸಂತೆಯಲ್ಲಿ ಮಗುವಿನ ಕೈ ಬಿಟ್ಟುಹೋದಾಗ ಆಗುವ ಆ ತಳಮಳ ಇಳಿಯಲೇ ಇಲ್ಲ. ಉಣ್ಣಲಾಗದೆ ಮೂವರೂ ಎದ್ದುಬಿಟ್ಟೆವು. ಪೊಲೀಸರಿಗೆ ಹೇಳೋಣವೆಂದು ಫೋನ್ ತೆಗೆದ ನನ್ನ ಗಂಡ ಅದನ್ನೇ ನೋಡುತ್ತ ನಿಂತರು. "ಯಾರು ಕಾಣೆಯಾಗಿದ್ದಾರೆ ಅಂತ ಹೇಳಲಿ?" ಎಂದರು.

ಕೊನೆಗೆ ಲೀಲಕ್ಕನ ಗಂಡನೂ ಕತ್ತಿ ಹಿಡಿದು ಹೊರಟರು. ಬಂದ ದಾರಿಯಲ್ಲೇ ಹಳ್ಳದವರೆಗೆ ಹೋದೆವು. ಹೆಸರಿಲ್ಲದವರನ್ನು ಹೇಗೆ ಕರೆಯುವುದು? "ಓ" ಎಂದೆವು. "ಬಾ, ಊಟಕ್ಕೆ ಬಾ" ಎಂದೆವು. ನಿಂತು ಕೇಳಿದೆವು. ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಕೂಗಿ ಕೂಗಿ ನನ್ನ ಗಂಡನ ಗಂಟಲು ಕಟ್ಟಿತು. ಬ್ಯಾಂಕಿನ ಮ್ಯಾನೇಜರು, ನಾಲ್ಕು ಜನರ ಮುಂದೆ ದನಿಯೆತ್ತದ ಮನುಷ್ಯ, ಇಲ್ಲದವರಿಗಾಗಿ ಕಾಡಿನಲ್ಲಿ ಅಳುವವರಂತೆ ಕೂಗುತ್ತಿದ್ದರು.

ಮರಗಳ ಅಡಿ ಬೆಳಕು ಬೇಗ ಇಳಿಯುತ್ತದೆ. "ಆನೆ ಬರುವ ಹೊತ್ತು. ಇನ್ನು ಇಲ್ಲಿ ನಿಲ್ಲುವುದು ಬೇಡ, ಹೋಗುವ" ಎಂದರು ಲೀಲಕ್ಕನ ಗಂಡ.

ಮೇಘಾ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ನಾನು ಬರಲ್ಲ. ಹೆಸರು ಗೊತ್ತಿಲ್ಲ ಅಂತ ಬಿಟ್ಟು ಹೋಗೋದಾ ಅಮ್ಮ?" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಲೀಲಕ್ಕನೂ ಎರಡೂ ಕಡೆ ಹಿಡಿದು ಎಬ್ಬಿಸಿದೆವು. ದಾರಿಯುದ್ದಕ್ಕೂ ಲೀಲಕ್ಕನೂ ತಿರುಗಿ ತಿರುಗಿ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಇದೇ ಕಾಡಲ್ಲವೇ, ಹಿಂದೆ ಹೀಗೆ ಯಾರಿಗಾದರೂ ಆಗಿದೆಯೇ ಎಂದು ಕೇಳಿದೆ. "ಇಲ್ಲಕ್ಕ, ನಾವು ಕೇಳಿದ್ದೇ ಇಲ್ಲ" ಎಂದರು. ಅವರು ಏನಾದರೊಂದು ಕಥೆ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ಗಾಡಿ ಹತ್ತಿದೆವು. ಮಗಳನ್ನು ಹಾಸ್ಟೆಲಿಗೆ ಬಿಡುವ ಮುನ್ನ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಮೊದಲ ಬಾರಿಗೆ ಅದರ ಬಗ್ಗೆ ಮಾತಾಡಿದೆವು. ಆಗ ಗೊತ್ತಾದದ್ದು ಇನ್ನೂ ವಿಚಿತ್ರ. ನನಗೆ ಅದು ಚಿಕ್ಕ ಮಗು. ನನ್ನ ಗಂಡನಿಗೆ ಯಾರೋ ವಯಸ್ಸಾದವರು. ಅವರು ಹಿಂದುಳಿಯುತ್ತಾರೆಂದು ಇಳಿಜಾರಿನಲ್ಲಿ ತಾವು ನಿಧಾನ ಮಾಡಿದ್ದರಂತೆ. ಮೇಘಾಳಿಗೆ ತನ್ನ ಓರಗೆಯವರು. "ಮಂಗಟ್ಟೆ ಹಾರಿದಾಗ ನನ್ನ ಜೊತೆ ನಕ್ಕಿದ್ದು ಲೀಲಕ್ಕ ಮಾತ್ರ ಅಲ್ಲ" ಎಂದಳು. ಗಂಡೋ ಹೆಣ್ಣೋ ಎಂದು ಕೇಳಿದರೆ ಮೂವರಿಗೂ ತಿಳಿಯದು.

ಪರಿಚಯದ ಡಾಕ್ಟರೊಬ್ಬರು, ದಣಿವಿನಲ್ಲಿ ಒಬ್ಬರ ಭ್ರಮೆ ಇನ್ನೊಬ್ಬರಿಗೆ ಅಂಟುತ್ತದೆ ಎಂದರು. ಇರಬಹುದು. ಆದರೆ ಅಂಟಿದ್ದು ಹೋಗಬೇಕಲ್ಲ? ಮೇಘಾ ಈಗ ಕೆಲಸದಲ್ಲಿದ್ದಾಳೆ, ಆ ವಿಷಯ ಎತ್ತಿದರೆ ಫೋನ್ ಇಟ್ಟುಬಿಡುತ್ತಾಳೆ. ನನಗೆ ಹೆದರಿಕೆಯೇನೂ ಇಲ್ಲ. ಇರುವುದು ಒಂದು ಸಂಕಟ. ಯಾರೋ ನಮ್ಮನ್ನು ನಂಬಿ ಜೊತೆಗೆ ಬಂದಿದ್ದರು, ನಾವು ಬಿಟ್ಟು ಬಂದೆವು.

ಹೋದ ವರ್ಷ ಲೀಲಕ್ಕ ಫೋನ್ ಮಾಡಿದ್ದರು. ಅವರ ಮಗಳ ಮದುವೆ ಗೊತ್ತಾಗಿತ್ತು. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹುಡುಗ ಯಾರು, ಛತ್ರ ಎಲ್ಲಿ ಎಂದೆಲ್ಲ ಮಾತಾಡಿದೆವು. ಕೊನೆಯಲ್ಲಿ ಅವರು, "ಉಳಿಯುವ ಏರ್ಪಾಡು ಮಾಡಬೇಕಲ್ಲ ಅಕ್ಕ, ನೀವು ಎಷ್ಟು ಜನ ಬರುವುದು?" ಎಂದರು.

ಸುಲಭದ ಪ್ರಶ್ನೆ. ನಾನು ಬೆರಳು ಮಡಚಿ ಎಣಿಸಿದೆ, ಮೂರಾದ ಮೇಲೂ ನಿಲ್ಲಿಸಲಾಗಲಿಲ್ಲ. ಲೀಲಕ್ಕ ಇನ್ನೊಮ್ಮೆ ಕೇಳಲಿಲ್ಲ.