ಕಚ್ಚೆ ಸೀರೆ ಮತ್ತು ಹಸಿರು ಸೈಕಲ್ಲು

ಮದುವೆಯಾಗಿ ಅಹಮದಾಬಾದಿಗೆ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಧಾರವಾಡದಿಂದ ಅಲ್ಲಿಗೆ ವರ್ಗವಾಗಿತ್ತು. ಮಣಿನಗರದ ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದಿದ್ದೆವು. ನಾನು, ಅವರು, ಅತ್ತೆ, ಇಷ್ಟೇ ಸಂಸಾರ.

ಕೆಳಗೆ ಮನೆಯ ಮಾಲೀಕರು ಇದ್ದರು. ಯಜಮಾನಿಯನ್ನು ಆ ಮನೆಯಲ್ಲಿ ಎಲ್ಲರೂ 'ಬಾ' ಎನ್ನುತ್ತಿದ್ದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಇದು ಗೊತ್ತಿಲ್ಲದ ನಮ್ಮ ಅತ್ತೆ, ಕೆಳಗಿನಿಂದ "ಬಾ, ಓ ಬಾ" ಎಂಬ ಕೂಗು ಕೇಳಿದಾಗಲೆಲ್ಲ "ಕರೀಲಿಕ್ಕತ್ಯಾರ ನೋಡು, ಏನ್ ಕೆಲಸಾನೋ ಏನೋ" ಎಂದು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದರು. ಪಾಪ, ಬಾ ಅವರೂ ಬೇಡ ಎನ್ನದೆ ಕೂಡ್ರಿಸಿ ಚಹಾ ಕೊಡುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರಿಗೂ ಗಟ್ಟಿ ಗೆಳೆತನವಾಗಿ ಹೋಯಿತು.

ಅತ್ತೆಗೆ ಆಗ ಐವತ್ತು ದಾಟಿತ್ತು. ಎತ್ತರದ ಆಳು, ದೊಡ್ಡ ದನಿ. ಯಾವಾಗಲೂ ಇಲಕಲ್ ಸೀರೆ, ಅದೂ ಕಚ್ಚೆ ಹಾಕಿ. ನಾನು ಕಾಲೇಜು ಓದಿದವಳು, ಆರು ಗಜದ ತೆಳು ಸೀರೆ ನೆಲ ಗುಡಿಸುವಂತೆ ಇಳಿಬಿಟ್ಟು ಉಡುವವಳು. ಕಚ್ಚೆ ನಮ್ಮ ಕಾಲಕ್ಕೆ ಹಳೆಯದಾಯಿತು ಎಂದು ನಾವು ಗೆಳತಿಯರೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಅತ್ತೆ ಅದಕ್ಕೆ ಏನೂ ಅಂದವರಲ್ಲ. ಒಮ್ಮೊಮ್ಮೆ ನನ್ನ ಸೀರೆಯ ಅಂಚಿಗೆ ಹತ್ತಿದ ಧೂಳು ನೋಡಿ ಮುಖ ಸಿಂಡರಿಸುತ್ತಿದ್ದರು, ಅಷ್ಟೇ.

ವರ್ಷದೊಳಗೆ ನನಗೂ ಕೆಲಸ ಸಿಕ್ಕಿತು. ನದಿಯ ಆಚೆ ಒಂದು ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಹಾಯಕಿ. ನನ್ನ ಬಿ.ಎಸ್ಸಿ. ಕೊನೆಗೂ ಉಪಯೋಗಕ್ಕೆ ಬಂತೆಂದು ಅಪ್ಪನಿಗೆ ಉದ್ದನೆಯ ಕಾಗದ ಬರೆದೆ. ಆದರೆ ಅಲ್ಲಿಗೆ ಮುಟ್ಟುವುದೇ ಒಂದು ಯುದ್ಧ. ಬೆಳಗಿನ ಬಸ್ಸುಗಳು ನಮ್ಮ ನಿಲ್ದಾಣಕ್ಕೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿದ್ದವು. ಕಂಡಕ್ಟರ್ ಕೈಯಾಡಿಸಿ ಗಂಟೆ ಹೊಡೆದು ಹೋಗಿಬಿಡುತ್ತಿದ್ದ. ತಡವಾಗಿ ಹೋಗಿ ಹೋಗಿ ಮೇಲಿನವರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಬಸ್ಸಿಗಾಗಿ ನಿಂತ ನನ್ನ ಮುಂದೆಯೇ ಹೆಂಗಸರು ಸೈಕಲ್ ಮೇಲೆ ಸರಸರ ಹೋಗುತ್ತಿದ್ದರು. ಶಾಲೆಯ ಟೀಚರುಗಳು, ಕಾಲೇಜಿನ ಹುಡುಗಿಯರು, ಬುಟ್ಟಿಯಲ್ಲಿ ಪಲ್ಯದ ಸೊಪ್ಪು ಇಟ್ಟುಕೊಂಡ ಗೃಹಿಣಿಯರು. ಯಾರೂ ಅವರನ್ನು ತಿರುಗಿ ನೋಡುತ್ತಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಸೋಜಿಗ.

"ನಾನೂ ಸೈಕಲ್ ಕಲೀತೀನಿ" ಎಂದೆ ಒಂದು ರಾತ್ರಿ ಊಟಕ್ಕೆ ಬಡಿಸುತ್ತ.

ಗಂಡ ಅನ್ನ ಕಲಸುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದರು.

"ಬ್ಯಾಡ," ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. "ಬಿದ್ದು ಕಾಲ್ ಮುರಕೊಂಡ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ?"

"ಬೀಳೂದಿಲ್ಲ ಅತ್ಯಾ."

"ಎಲ್ಲಾರೂ ಹಂಗ ಅಂತಾರ. ಬಿದ್ದ ಮ್ಯಾಲೆ ಅಳ್ತಾರ."

ಆದರೂ ನಾನು ಬಿಡಲಿಲ್ಲ. ಬಾ ಅವರ ಮಗಳು ಕಾಲೇಜಿಗೆ ಹೋಗುತ್ತಿದ್ದಳು, ಅವಳ ಹತ್ತಿರ ಸೈಕಲ್ ಇತ್ತು. ಕಾಂಕರಿಯಾ ಕೆರೆಯ ಸುತ್ತಲಿನ ರಸ್ತೆ ಬೆಳಗ್ಗೆ ಖಾಲಿ ಇರುತ್ತಿತ್ತು. ಆ ಹುಡುಗಿ ಹಿಂದಿನ ಸೀಟು ಹಿಡಿದು ಓಡುತ್ತ, "ಸಾಮೆ ಜುವೋ, ಭಾಭಿ, ಸಾಮೆ!" ಎಂದು ಕೂಗುತ್ತ ಕಲಿಸಿದಳು. ನಾನು ಎದುರಿಗೆ ನೋಡುವುದನ್ನು ಬಿಟ್ಟು ಕೆರೆಯನ್ನೇ ನೋಡುತ್ತಿದ್ದೆ, ಸೈಕಲ್ಲೂ ಅತ್ತಲೇ ಎಳೆಯುತ್ತಿತ್ತು. ಒಂದು ಮುಂಜಾನೆ ಹಿಂದಿನಿಂದ ಅವಳ ದನಿ ಬಹಳ ದೂರದಲ್ಲಿ ಕೇಳಿತು. ಅವಳು ಯಾವಾಗಲೋ ಕೈ ಬಿಟ್ಟಿದ್ದಳು. ನಾನು ಒಬ್ಬಳೇ ಹೋಗುತ್ತಿದ್ದೆ. ಸಂತೋಷಕ್ಕೆ ಕಿರುಚಿದ ನನ್ನ ಸದ್ದಿಗೆ ದಂಡೆಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಗಂಡ ಯಾರದೋ ಕೈಯಿಂದ ಹಳೆಯ ಲೇಡೀಸ್ ಸೈಕಲ್ ತಂದುಕೊಟ್ಟರು. ಕಡು ಹಸಿರು ಬಣ್ಣ, ಹಂಸದ ಕತ್ತಿನ ಹಾಗೆ ಬಾಗಿ ಇಳಿದ ಫ್ರೇಮು, ಅಗಲವಾದ ಸ್ಪ್ರಿಂಗ್ ಸೀಟು, ಹಿಂದಿನ ಗಾಲಿಗೆ ಸೀರೆ ಸಿಗದಂತೆ ದಾರದ ಜಾಲರಿ. ಜಾಲರಿ ಅರ್ಧ ಹರಿದಿತ್ತು, ಚೈನಿನ ಮೇಲಿನ ಕವರೂ ಅರ್ಧವೇ ಇತ್ತು. ನನ್ನ ಕಣ್ಣಿಗೆ ಅದೆಲ್ಲ ಬೀಳಲೇ ಇಲ್ಲ. ಇಡೀ ಸಂಜೆ ತೆಂಗಿನೆಣ್ಣೆ ಹಚ್ಚಿ ಹ್ಯಾಂಡಲ್ ತಿಕ್ಕಿದೆ.

ಮೊದಲ ದಿನ ಕೆಲಸಕ್ಕೆ ಹೊರಟವಳು ರಾಯಪುರ ದರ್ವಾಜೆಯವರೆಗೆ ರಾಣಿಯ ಹಾಗೆ ಹೋದೆ. ದರ್ವಾಜೆಯ ಮುಂದಿನ ಗದ್ದಲದಲ್ಲಿ ಯಾರೋ ಹಿಂದಿನಿಂದ ಸೀರೆ ಹಿಡಿದು ಎಳೆದಂತಾಯಿತು. ಮರುಕ್ಷಣ ನಾನು ನೆಲದ ಮೇಲಿದ್ದೆ. ನೆರಿಗೆ ಚೈನಿನೊಳಗೆ ಹೋಗಿ ಸುತ್ತಿಕೊಂಡಿತ್ತು. ಹಿಂದೆ ಬರುತ್ತಿದ್ದ ಒಂಟೆ ಗಾಡಿಯವನು ಹೇಗೋ ನಿಲ್ಲಿಸಿದ. ಒಂಟೆಯ ಉದ್ದ ಮೂತಿ ನನ್ನ ತಲೆಯ ಮೇಲೆಯೇ ಇತ್ತು. ಬದನೆಕಾಯಿ ಮಾರುವ ಹೆಂಗಸೊಬ್ಬಳು ಓಡಿ ಬಂದು, ಸುತ್ತ ನಿಂತ ಗಂಡಸರನ್ನೆಲ್ಲ ಗದರಿಸಿ ಆಚೆ ಕಳಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ ಸೀರೆ ಬಿಡಿಸಿದಳು. ತಿಳಿನೀಲಿ ಸೀರೆಯ ತುಂಬ ಕರೀ ಗ್ರೀಸು, ಮೊಣಕಾಲಿನವರೆಗೆ ಹರಿದ ಬಟ್ಟೆ. ಸೈಕಲ್ ತಳ್ಳಿಕೊಂಡು ಮನೆಗೆ ವಾಪಸು ನಡೆದೆ. ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳುವುದು ಎಂಬುದೇ ಚಿಂತೆ.

ಅತ್ತೆ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕೂಡ್ರಿಸಿದರು. ಮೊಣಕಾಲಿಗೆ ಅರಿಸಿನ ಹಚ್ಚಿದರು, ಬಿಸಿ ಹಾಲು ಕೊಟ್ಟರು, ಮಲಗು ಎಂದರು. ಸಂಜೆ ಎದ್ದಾಗ ಅವರು ಮನೆಯಲ್ಲಿ ಇರಲಿಲ್ಲ. ಕೆಳಗಿಳಿದು ಹೋದರೆ ಅಂಗಳದಲ್ಲಿ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಹಳೇ ಬಟ್ಟೆಯ ತುಂಡು, ಇನ್ನೊಂದು ಕೈಯಲ್ಲಿ ಪೆಡಲು. ಬಟ್ಟೆಯನ್ನು ಒಮ್ಮೆ ಚೈನಿನ ಹತ್ತಿರ, ಒಮ್ಮೆ ಗಾಲಿಯ ಹತ್ತಿರ ಇಳಿಬಿಟ್ಟು ಪೆಡಲು ತಿರುಗಿಸಿ ನೋಡುತ್ತಿದ್ದರು. ಪಕ್ಕದಲ್ಲಿ ಬಾ ನಿಂತು ತಲೆದೂಗುತ್ತಿದ್ದರು.

"ಬಾ ಇಲ್ಲೆ," ಎಂದು ಅತ್ತೆ ನನ್ನನ್ನು ಕರೆದರು. "ನೋಡು, ಇಲ್ಲೆ ತಿಂತದ ಇದು."

ಇನ್ನು ಮಾರಿಬಿಡು ಎನ್ನುತ್ತಾರೆ ಎಂದುಕೊಂಡೆ.

"ಸೈಕಲ್ಲಿಂದೇನೂ ತಪ್ಪಿಲ್ಲ," ಎಂದರು ಅತ್ತೆ, ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ತಪ್ಪು ನಿನ್ನ ಸೀರೀದು. ಹಿಂಗ ಪರದೆ ಇಳಿಬಿಟ್ಟಂಗ ಉಟ್ಟರ ಅದು ತಿನ್ನದ ಏನ್ ಮಾಡ್ತದ? ನಾಳೆ ಕಚ್ಚಿ ಹಾಕ್ಕೋ."

"ನಾನು? ಕಚ್ಚೆ?"

"ಯಾಕ? ನಮ್ಮವ್ವ ಕಚ್ಚಿ ಹಾಕ್ಕೊಂಡ ಕುದುರಿ ಹತ್ತತಿದ್ಲು. ಇದೇನ್ ಮಹಾ."

ಮರುದಿನ ಬೆಳಗ್ಗೆ ತಮ್ಮದೇ ಇಲಕಲ್ ಸೀರೆ ತೆಗೆದು ನನ್ನನ್ನು ಮುಂದೆ ನಿಲ್ಲಿಸಿಕೊಂಡರು. ಸೊಂಟಕ್ಕೆ ಬಿಗಿದು ಗಂಟು ಹಾಕಿದರು, ನೆರಿಗೆ ಹಿಡಿದರು, ಕಾಲ ನಡುವೆ ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಗಟ್ಟಿಯಾಗಿ ಸಿಗಿಸಿದರು. ಸೆರಗು ಬಳಸಿ ತಂದು ಸೊಂಟಕ್ಕೆ ಸೆಕ್ಕಿದರು. "ಕೂಡು. ಏಳು. ಕಾಲೆತ್ತು," ಎಂದು ಕವಾಯತು ಮಾಡಿಸಿದರು. ನನ್ನ ಕಾಲುಗಳು ನನ್ನವೇ ಎಂದು ಮೊದಲ ಬಾರಿಗೆ ಅನ್ನಿಸಿತು. ಎಲ್ಲೂ ಎಳೆತವಿಲ್ಲ, ಎಲ್ಲೂ ತೊಡಕಿಲ್ಲ. ಪೇಪರ್ ಓದುತ್ತಿದ್ದ ಗಂಡ ತಲೆಯೆತ್ತಿ, "ನಮ್ಮಜ್ಜಿ ಎದ್ದು ಬಂದಂಗ ಆತು" ಎಂದು ನಕ್ಕರು. ಅತ್ತೆ ಒಂದು ನೋಟ ನೋಡಿದರು. ಪೇಪರ್ ಮತ್ತೆ ಮೇಲೇರಿತು.

ಆ ದಿನ ರಾಯಪುರ ದರ್ವಾಜೆ ದಾಟಿದೆ. ಬದನೆಕಾಯಿಯ ಹೆಂಗಸು ಗುರುತಿಸಿ ಎದ್ದು ನಿಂತು ಕೈ ಬೀಸಿದಳು. ಎಲ್ಲಿಸ್ ಬ್ರಿಜ್ ಹತ್ತುವಾಗ ನದಿಯ ಗಾಳಿ ಎದೆಗೆ ಬಡಿಯಿತು. ಕೆಳಗೆ ಒಣ ಮರಳಿನ ಮೇಲೆ ಬಣ್ಣ ಹಾಕಿದ ಬಟ್ಟೆಗಳನ್ನು ಉದ್ದುದ್ದಕ್ಕೆ ಹರಡಿದ್ದರು, ಕೆಂಪು, ಹಳದಿ, ನೀಲಿ. ಸಂಸ್ಥೆಯ ಗೇಟಿಗೆ ಹೋಗಿ ಇಳಿದಾಗ ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದವಳು ನಾನು!

ಜೊತೆಯ ಹೆಂಗಸರು ಮೊದಲು ನಕ್ಕರು. ಆಮೇಲೆ ಒಬ್ಬಳು ಮೆಲ್ಲಗೆ ಬಂದು ಕೇಳಿದಳು, "ಇದನ್ನು ಹೇಗೆ ಉಡುವುದು?" ಅವಳ ಎರಡು ಸೀರೆ ಆಗಲೇ ಚೈನಿನ ಪಾಲಾಗಿದ್ದವಂತೆ. ಭಾನುವಾರ ಮನೆಗೆ ಕರೆದೆ. ಅವಳು ಇನ್ನೊಬ್ಬಳನ್ನು ಕರೆತಂದಳು. ಅತ್ತೆ ಗುಜರಾತಿ ಇಲ್ಲದೆ, ಹಿಂದಿ ಇಲ್ಲದೆ, "ಹಿಂಗ, ಹಿಂಗ, ಹಾಂ, ಈಗ ಹಿಂಗ" ಎನ್ನುತ್ತಲೇ ಎಲ್ಲರಿಗೂ ಕಲಿಸಿದರು. ಮಧ್ಯಾಹ್ನ ನಮ್ಮ ಮಹಡಿಯ ಮೇಲೆ ಹೆಂಗಸರು ಕಚ್ಚೆ ಹಾಕಿಕೊಂಡು ಕಾಲೆತ್ತಿ ಕಾಲೆತ್ತಿ ನೋಡಿಕೊಳ್ಳುತ್ತ ನಗುತ್ತಿದ್ದರು. ಬಾ ಅವರ ಮಗಳೂ ಕಲಿತಳು. ಅಷ್ಟಕ್ಕೇ ನಿಲ್ಲದೆ ಅತ್ತೆ ಹಿಂದಿನ ಗಾಲಿಯ ಹರಿದ ಜಾಲರಿಯನ್ನು ಕಿತ್ತೆಸೆದು, ಕ್ರೋಶಾ ಕಡ್ಡಿಯಿಂದ ಕೆಂಪು ಬಿಳಿ ದಾರದಲ್ಲಿ ಹೊಸದು ಹೆಣೆದರು, ಇಲಕಲ್ ಸೆರಗಿನ ತೆನೆಯಂಥ ವಿನ್ಯಾಸ. ಗಾಲಿಯ ಮೇಲೆ ಅದು ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು. ದಾರಿಯಲ್ಲಿ ನಿಲ್ಲಿಸಿ "ಯಾವ ಅಂಗಡಿಯದು?" ಎಂದು ಕೇಳುವವರಿಗೆ "ನಮ್ಮ ಅತ್ತೆಯದು" ಎನ್ನುವಾಗ ನನಗಾಗುತ್ತಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಒಂದು ದಿನ ಅಕ್ಕಿ ಆರಿಸುತ್ತ ಅತ್ತೆ ಕೇಳಿದರು, "ಹತ್ತಿ ಕೂತಾಗ ಹ್ಯಾಂಗನಸ್ತದ?"

"ಏನು ಅತ್ಯಾ?"

"ಅದ, ಸೈಕಲ್. ಸೀರಿ ನಂದು, ಕಚ್ಚಿ ನಂದು, ಜಾಲರಿ ನಂದು. ಬರೇ ನೀ ಒಬ್ಬಾಕಿನ ಹಾರಾಡ್ತಿ."

ನಾನು ನಗಲಿಲ್ಲ. ಅವರ ಮುಖದಲ್ಲಿ ನಗು ಇರಲಿಲ್ಲ.

ಮುಂಜಾನೆ ತಿರುಗಾಡಿ ಬರುತ್ತೇವೆ ಎಂದು ಗಂಡನಿಗೆ ಹೇಳಿ ಇಬ್ಬರೂ ಕಾಂಕರಿಯಾಕ್ಕೆ ಹೋಗತೊಡಗಿದೆವು. ಸೀಟು ಪೂರ್ತಿ ಕೆಳಗಿಳಿಸಿದೆ. ಈಗ ಹಿಂದೆ ಓಡುವ ಸರದಿ ನನ್ನದು. ಅತ್ತೆಗೆ ಬೀಳುವ ಭಯವೇ ಇರಲಿಲ್ಲ. ಬಿದ್ದರೆ ಸೈಕಲ್ಲನ್ನೇ ಬೈಯುತ್ತಿದ್ದರು. ಬೇಲಿಗೆ ಒಮ್ಮೆ ನುಗ್ಗಿ ಮೊಣಕೈ ತರಚಿಕೊಂಡಾಗ "ಯಾರಿಗೂ ಹೇಳಬ್ಯಾಡ" ಎಂದು ಸೆರಗಿನಲ್ಲಿ ಮುಚ್ಚಿಕೊಂಡರು. ಚಳಿಗಾಲ ಮುಗಿಯುವಷ್ಟರಲ್ಲಿ ಅವರು ಕೆರೆಯ ಸುತ್ತ ಒಬ್ಬರೇ ಹೋಗಿ ಬರುತ್ತಿದ್ದರು, ಬೆನ್ನು ನೆಟ್ಟಗೆ, ದೊಡ್ಡ ಕುಂಕುಮ, ಗಂಟೆಯ ಮೇಲೆ ಬೆರಳು.

ನದಿಯ ಆಚೆ ಪಾಲಡಿಯಲ್ಲಿ ಒಂದು ಕನ್ನಡದವರ ಮನೆ. ಒಂದು ಭಾನುವಾರ ಅಲ್ಲಿ ನಮ್ಮ ಕಡೆಯವರೆಲ್ಲ ಊಟಕ್ಕೆ ಸೇರುವುದಿತ್ತು. ಗಂಡನಿಗೆ "ನೀವು ಮುಂದೆ ಹೋಗ್ರಿ, ನಾವು ಹಿಂದಿನಿಂದ ಬರ್ತೀವಿ" ಎಂದೆ. ಅವರು ಬಸ್ಸು ಹತ್ತಿದರು. ನಾವು ಬಾ ಅವರ ಮಗಳ ಸೈಕಲ್ಲನ್ನೂ ಕೇಳಿ ಪಡೆದು ಎರಡು ಸೈಕಲ್ಲಿನ ಮೇಲೆ ಹೊರಟೆವು. ಹಸಿರು ಸೈಕಲ್ ಅತ್ತೆಗೆ.

ಭಾನುವಾರ ಎಲ್ಲಿಸ್ ಬ್ರಿಜ್ ಕೆಳಗೆ ಹಳೇ ಸಾಮಾನುಗಳ ಸಂತೆ. ಮೇಲೆ ಸೇತುವೆಯ ತುಂಬ ಗಾಡಿ, ಹೊರೆ, ಜನ. ನಟ್ಟನಡುವೆ ಒಂದು ಬಸ್ಸು ಕದಲದೆ ನಿಂತಿತ್ತು. ಅದರ ಪಕ್ಕದ ಸಂದಿಯಲ್ಲಿ ಅತ್ತೆ ಒಮ್ಮೆಯೂ ಕಾಲು ಊರದೆ ಮುಂದೆ ಸಾಗಿದರು. ನಾನು ಉಸಿರು ಬಿಗಿಹಿಡಿದು ಹಿಂದೆ ಹೋದೆ. ಬಸ್ಸಿನ ಕಿಟಕಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಮುಖ ನೋಡಿದರೆ ನನ್ನ ಗಂಡ!

ಅತ್ತೆಯೂ ನೋಡಿದರು. ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿದರು. ಇವರು ಕಿಟಕಿಯಿಂದ ಬಗ್ಗಿ ನೋಡಿದರು.

"ಅವ್ವಾ!"

"ಬಾರೋ ನಿಧಾನಕ್ಕ," ಎಂದರು ಅತ್ತೆ, ನಿಲ್ಲದೆ. "ನಿಂಗ ಪಾಯಸ ತಗದಿಡಸ್ತೀನಿ."

ಬಸ್ಸಿನಲ್ಲಿದ್ದವರಿಗೆ ಮಾತು ತಿಳಿಯದಿದ್ದರೂ ಗೊಳ್ಳೆಂದು ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಸೇತುವೆಯ ಇಳಿಜಾರಿನಲ್ಲಿ ಅತ್ತೆ ಪೆಡಲು ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಓಡಲು ಬಿಟ್ಟರು. ಗಾಳಿಗೆ ಸೆರಗು ಉಬ್ಬಿತು. ಅವರು ಹಿಂದಿರುಗಿ ನೋಡಲಿಲ್ಲ. ನಗುತ್ತಿದ್ದಾರೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಗಂಡ ಪಾಲಡಿಯ ಮನೆ ಮುಟ್ಟಿದಾಗ ಅತ್ತೆ ಪಡಸಾಲೆಯ ತೂಗುಮಂಚದ ಮೇಲೆ ಕಾಲು ಮಡಿಚಿ ಕೂತು, ಸುತ್ತ ಸೇರಿದ ಹೆಂಗಸರಿಗೆ ಬ್ರೇಕು ಯಾವಾಗ ಹಿಡಿಯಬೇಕು, ಯಾವಾಗ ಹಿಡಿಯಬಾರದು ಎಂದು ವಿವರಿಸುತ್ತಿದ್ದರು. ಇವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ತಾಯಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ನಂಗೂ ಒಂದು ಸೈಕಲ್ ನೋಡೋಣೇನು?"